ಸೋಮೋಯೆ ಹೊಲಿದ ನೀರಿನ ಚೀಲ

ಕಡಲ ದಂಡೆಯ ನಮ್ಮ ಲಿಂಡಿ ಪೇಟೆಯಲ್ಲಿ ಹೊಲಿಗೆಯವರಿಗೇನು ಬರವೇ? ಆದರೂ ಡಾಕ್ಟರ್ ಲಿಗೋಲಾ ಹುಡುಕಿಕೊಂಡು ಬಂದದ್ದು ಮೀನು ಮಾರ್ಕೆಟ್ಟಿನ ಹಿಂದಿನ ಸೋಮೋಯೆಯ ಜಗಲಿಗೆ. ಅವಳ ಹೊಲಿಗೆ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

"ಅಮ್ಮಾ, ಒಂದಿಷ್ಟು ಚೀಲ ಹೊಲ್ಕೊಡ್ಬೇಕು. ಮೇಲೆ ದಪ್ಪ ಬಟ್ಟೆ, ಒಳಗೆ ತೆಳ್ಳಗಿನ ಎರಡು ಪದರ, ಅದರೊಳಗೆ ನೀರು ತುಂಬಿದ ಬಲೂನು. ಹೊಸ ಡಾಕ್ಟರುಗಳು ಮೊದ್ಲು ಇದನ್ನ ಕೊಯ್ದು ಕಲೀಲಿ, ಆಮೇಲೆ ಮನುಷ್ಯರನ್ನ."

"ಯಾವ ಕಾಯಿಲೆಗೆ?"

"ಬೂಷಾ," ಅಂದರು ಡಾಕ್ಟರು, ದನಿ ತಗ್ಗಿಸಿ.

ಸೋಮೋಯೆಯ ಕೈಯಲ್ಲಿದ್ದ ಸೂಜಿ ನಿಂತಿತು. ಬೂಷಾ ಎಂದರೆ ಗಂಡಸರ ಬೀಜದ ಚೀಲದಲ್ಲಿ ನೀರು ತುಂಬಿ ಊದಿಕೊಳ್ಳುವುದು. ಈ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅವಳ ಗಂಡ ಹೆಮೆದಿ ಮದುವೆ ಮನೆಗಳಲ್ಲಿ ಡೋಲು ಬಾರಿಸುತ್ತಿದ್ದವನು. ತೊಡೆಯ ನಡುವೆ ಡೋಲು ಇಟ್ಟುಕೊಳ್ಳಲಾಗದಷ್ಟು ಊದಿದಾಗ, ತುಂಬಿದ ಮದುವೆ ಮನೆಯಲ್ಲಿ ಯಾವನೋ ಕೂಗಿದ: "ಹೆಮೆದಿ, ಡೋಲು ಎರಡಾಯ್ತಲ್ಲೋ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ಹೆಮೆದಿ ಡೋಲನ್ನು ಗೋಡೆಗೆ ನೇತುಹಾಕಿ ದೋಣಿ ಹತ್ತಿದ. ದೂರದ ದ್ವೀಪವೊಂದರ ಮೀನುಗಾರರ ಬೀಡಿನಲ್ಲಿ ಬಲೆ ಹೆಣೆಯುತ್ತ ಹನ್ನೊಂದು ವರ್ಷವಾಯಿತು.

ಅವನು ಹೋದದ್ದನ್ನಾದರೂ ಸೋಮೋಯೆ ತಾಳಿಕೊಂಡಳು. ಅತ್ತೆಯ ಮಾತು ಮಾತ್ರ ಮುಳ್ಳಿನಂತೆ ಒಳಗೇ ಉಳಿಯಿತು: "ನೀನೇ ಕಣೇ, ದಿನಾ ಎಳನೀರು ಕುಡ್ಸಿ ಕುಡ್ಸಿ ನನ್ನ ಮಗನ್ನ ಹಾಳು ಮಾಡ್ದೆ!" ಎಳನೀರು ಕುಡಿದರೆ ಬೂಷಾ ಬರುತ್ತದೆಂದು ನಮ್ಮ ಕಡೆಯ ಅಜ್ಜಿಯರೆಲ್ಲ ಹೇಳುತ್ತಾರೆ. ಹೆಮೆದಿಗೆ ಎಳನೀರೆಂದರೆ ಪ್ರಾಣ. ದಿನಾ ಸಂಜೆ ಕೊಚ್ಚಿ ಕೊಡುತ್ತಿದ್ದವಳು ಸೋಮೋಯೆಯೇ. ಅವನು ಹೋದ ಮೇಲೆ ಅವಳು ಒಂದು ಎಳನೀರನ್ನೂ ಮನೆಯೊಳಗೆ ತಂದವಳಲ್ಲ.

ಚೀಲಗಳನ್ನು ಆಸ್ಪತ್ರೆಗೆ ಒಯ್ದಳು. ಡಾಕ್ಟರಿಗೆ ಗಾಬರಿ.

"ಕಿತ್ತಳೆಯಷ್ಟು ಸಾಕು ಅಂದಿದ್ನಲ್ಲಮ್ಮ! ಇದು ತೆಂಗಿನಕಾಯಿ ಗಾತ್ರ!"

ಕಲಿಯಲು ಬಂದಿದ್ದ ಹೊಸ ಡಾಕ್ಟರೊಬ್ಬ ಕಿಸಕ್ಕನೆ ನಕ್ಕ. "ಇಷ್ಟು ದೊಡ್ಡದು ಯಾರಿಗಿರುತ್ತೆ?"

"ನನ್ನ ಗಂಡನಿಗೆ," ಅಂದಳು ಸೋಮೋಯೆ. "ಹಲ್ಲು ಕಿಸಿಯೋದು ಬಿಟ್ಟು ಕತ್ತಿ ಹಿಡಿಯಪ್ಪ."

ಅವನ ಮುಖ ಬಾಡಿತು. ಅವಸರದಲ್ಲಿ ಕೊಯ್ದ, ಬಲೂನು ಒಡೆದು ಅಂಗಿಯೆಲ್ಲ ಒದ್ದೆ. ಎರಡನೆಯದೂ ಹಾಗೇ. ಸೋಮೋಯೆಗೆ ತಡೆಯಲಾಗಲಿಲ್ಲ. "ಅಯ್ಯೋ ನಿನ್ನ, ಒಂದೇ ಸಲ ಚುಚ್ತಾರಾ? ಪದರ ಪದರ ಬಿಡಿಸ್ಕೊಂಡು ಹೋಗು. ಅಂಚನ್ನ ಹೊರಕ್ಕೆ ಮಡಚಿ ಹೊಲಿ." ಡಾಕ್ಟರೂ ಹೌದೆಂದು ತಲೆಯಾಡಿಸಿದರು. ಆರನೆಯ ಚೀಲದಲ್ಲಿ ಅವನ ಕೈ ಕೂತಿತು. ನೀರು ಬೋಗುಣಿಗೆ ಇಳಿಯಿತು, ಹೊಲಿಗೆ ಸಾಲಾಗಿ ಬಂತು. ಸೋಮೋಯೆ ಆ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು.

"ಡಾಕ್ಟ್ರೇ, ಎಳನೀರು ಕುಡಿದ್ರೆ ತಾನೇ ಇದು ಬರೋದು?"

"ಯಾರಮ್ಮ ಹೇಳಿದ್ದು? ಸೊಳ್ಳೆ ಕಚ್ಚಿ, ಮೈಯೊಳಗೆ ಹುಳ ಸೇರಿ ಬರೋದು. ಎಳನೀರು ಪಾಪ, ಏನು ಮಾಡೀತು!"

ಸೋಮೋಯೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಹನ್ನೊಂದು ವರ್ಷ ಬಿಗಿಹಿಡಿದ ಅಳು ಬಂತು, ಬಿಕ್ಕಿ ಬಿಕ್ಕಿ ಅತ್ತಳು.

ಆ ಆರನೆಯ ಚೀಲವನ್ನು ತಾನು ಉಡುತ್ತಿದ್ದ ಹಳೆಯ ಕಾಂಗಾ ಬಟ್ಟೆಯಲ್ಲಿ ಸುತ್ತಿ ದ್ವೀಪಕ್ಕೆ ಹೊರಟಿದ್ದ ದೋಣಿಯ ಸೈಫುವಿನ ಕೈಗಿಟ್ಟಳು. "ಹೆಮೆದಿಗೆ ಕೊಡು. ಡಾಕ್ಟ್ರು ಕೊಯ್ದು ಹೊಲ್ದಿದ್ದಾರೆ, ನೋಡ್ಲಿ. ಮುಂದಿನ ವಾರ ಆಸ್ಪತ್ರೇಲಿ ಆಪರೇಷನ್ ಶುರು, ದುಡ್ಡು ಕೊಡ್ಬೇಕಿಲ್ಲ. ಇಷ್ಟೇ ಹೇಳು. ನಾನು ಅತ್ತಿದ್ದು ಗಿತ್ತಿದ್ದು ಹೇಳಿದ್ರೆ ನೋಡು ಮತ್ತೆ!"

ನಾಲ್ಕು ದಿನ ಅವಳ ಕಣ್ಣೆಲ್ಲ ಕಡಲ ಮೇಲೆ. ಐದನೆಯ ದಿನ ಸೈಫು ಬಂದ, ಒಬ್ಬನೇ. ಚೀಲವನ್ನು ವಾಪಸು ಕೊಟ್ಟ.

ಬಿಡಿಸಿ ನೋಡಿದರೆ ಹೊಸ ಡಾಕ್ಟರನ ಹೊಲಿಗೆಯನ್ನು ಯಾರೋ ಕಿತ್ತು, ಒಳಗೆಲ್ಲ ನೋಡಿ, ಮತ್ತೆ ಬಲೆಯ ದಾರದಲ್ಲಿ ಹೊಲಿದಿದ್ದರು. ಬಲೆ ಹೆಣೆಯುವವರು ಹಾಕುವ ಗಂಟು.

"ಏನಂದ?"

"ಶುಕ್ರವಾರದ ದೋಣೀಲಿ ಜಾಗ ಇಡು ಅಂದ. ಆಮೇಲೆ ನಾನು ದೋಣಿ ಬಿಡೋವಾಗ, 'ಬಂದ್ರೆ ಎಳನೀರು ಕೊಡ್ತಾಳಾ ಕೇಳು' ಅಂದ."

ಸೋಮೋಯೆ ನೇರ ಪೇಟೆಗೆ ಹೋಗಿ ಎರಡು ಎಳನೀರು ತಂದಳು. ಅಟ್ಟದಿಂದ ಇಳಿಸಿದ ಮಚ್ಚಿಗೆ ತುಕ್ಕು ಹಿಡಿದಿತ್ತು. ಹೊಸ್ತಿಲಲ್ಲಿ ಕೂತು ಮಸೆಯತೊಡಗಿದಳು. ಶುಕ್ರವಾರಕ್ಕೆ ಇನ್ನೂ ಮೂರು ದಿನವಿತ್ತು.