ಗುಂಯ್ ಎಂದದ್ದು ಅವ್ವನಲ್ಲ

ಅವ್ವ ತೀರಿಕೊಂಡು ಒಂದು ವರ್ಷವಾದ ದಿನ, ಗಣಾರಾಧನೆಯ ಊಟ ಮುಗಿಸಿ ನೆಂಟರೆಲ್ಲ ನಮ್ಮ ಬಸವೇಶ್ವರನಗರದ ಮನೆಯ ನಡುಮನೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ, ದೊಡ್ಡವ್ವ ಒಂದು ಮಾತು ಹೇಳಿದಳು. ಆ ಮಾತನ್ನು ನಾನು ಮುಂದಿನ ಒಂದು ವರ್ಷ ಉಪ್ಪಿನಕಾಯಿ ಜಾಡಿಯಂತೆ ಒದ್ದೆ ಕೈ ತಾಗಿಸದೆ ಕಾಪಾಡಿದೆ.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ, ವಿಜಯನಗರದವಳು. ಎದುರಿಗೆ ನೀವು ಎನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ಒಂದು ಕಾಲಕ್ಕೆ ಅವಳು ಮಠಗಳಲ್ಲಿ ವಚನ ಹಾಡುತ್ತಿದ್ದಳು. ಅವಳದೊಂದು ರೆಕಾರ್ಡು ಕೂಡ ಬಂದಿತ್ತು. ಹೊದಿಕೆಯ ಮೇಲೆ ಅವಳ ಫೋಟೋ, ಅವಳ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತು ಸಂಗಡಿಗರು’. ನಮ್ಮ ಅವ್ವ ಆ ಸಂಗಡಿಗರೊಳಗೆ ಇದ್ದಳು.

ಅವ್ವ ಈ ವಿಷಯ ಎತ್ತಿದ್ದು ಒಂದೇ ಸಲ. ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ ಹೇಳಿದ್ದಳು. "ಮೂರನೇ ಹಾಡಿನ ಎರಡನೇ ನುಡಿ ನಾನು ಹಾಡಿದ್ದು ಕಣೇ. ನಿಮ್ಮ ದೊಡ್ಡವ್ವಂಗೆ ಗಂಟ್ಲು ಹಿಡ್ಕೊಂಡುಬಿಡ್ತು. ನಿಲ್ಲಿಸೋ ಹಾಗಿರ್ಲಿಲ್ಲ, ನಾನೇ ಎತ್ಕೊಂಡೆ." ಆಮೇಲೆ ಅವರೆಕಾಯಿ ಸಿಪ್ಪೆಯನ್ನು ಮೊರಕ್ಕೆ ಹಾಕಿಕೊಂಡು ಎದ್ದು ಹೋದಳು.

ಸ್ಮರಣೆಯ ದಿನ ನಾನು ಆ ರೆಕಾರ್ಡನ್ನು ಅಪ್ಪನ ಹಳೆಯ ಪ್ಲೇಯರಿಗೆ ಹಾಕಿ, ಅವ್ವ ಹೇಳಿದ್ದನ್ನು ಎಲ್ಲರಿಗೂ ಹೇಳಿದೆ. ಆ ಪ್ಲೇಯರಿನಲ್ಲಿ ವರ್ಷಗಳಿಂದ ಹಾಡಿನ ಅಡಿಯಲ್ಲಿ ಒಂದು ಗುಂಯ್ ಸದ್ದು. ದನಿ ಯಾರದೆಂದು ಗುರುತು ಹಿಡಿಯಲು ಅದು ಬಿಡುತ್ತಿರಲಿಲ್ಲ. ದೊಡ್ಡವ್ವ ನಕ್ಕಳು.

"ನಿಮ್ಮವ್ವ ಎಲ್ಲಿ ಹಾಡಿದ್ಲೇ? ಶ್ರುತಿ ಪೆಟ್ಟಿಗೆ ಒತ್ತೋಕೆ ಕೂರಿಸಿದ್ವಿ. ಕೇಳು, ಗುಂಯ್ ಅಂತಿದ್ಯಲ್ಲ, ಅದೇ ನಿಮ್ಮವ್ವ."

ನೆಂಟರೂ ನಕ್ಕರು. ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ. ನನ್ನ ಸಿಟ್ಟು ಕುಕ್ಕರಿನ ಸೀಟಿಯಂತೆ ಕೂಗಿ ಆರುವಂಥದ್ದಲ್ಲ. ಬೂದಿ ಮುಚ್ಚಿಕೊಂಡು ಕೂರುವ ಕೆಂಡ. ಅಂದೇ ತೀರ್ಮಾನಿಸಿದೆ, ಮುಂದಿನ ವರ್ಷ ಇದೇ ಕುರ್ಚಿಯಲ್ಲಿ ಇವಳನ್ನು ಕೂರಿಸಿ ಅವ್ವನ ದನಿ ಕೇಳಿಸದಿದ್ದರೆ ನಾನು ಅವ್ವನ ಮಗಳೇ ಅಲ್ಲ.

ಮೊದಲು ಮಾಡಿದ್ದು ಬಹಳ ಸುಲಭದ ಕೆಲಸ. ಅದನ್ನು ಇಷ್ಟು ವರ್ಷ ಯಾರೂ ಮಾಡಿರಲಿಲ್ಲ. ಮುಳ್ಳನ್ನು ರೆಕಾರ್ಡಿನಿಂದ ಎತ್ತಿ, ವಾಲ್ಯೂಮು ಜೋರು ಮಾಡಿದೆ. ಹಾಡು ನಿಂತಿತು, ಗುಂಯ್ ನಿಲ್ಲಲಿಲ್ಲ. ರೆಕಾರ್ಡಿನೊಳಗಿನ ಶ್ರುತಿ ಪೆಟ್ಟಿಗೆಯಾಗಿದ್ದರೆ ಮುಳ್ಳಿನ ಜೊತೆಗೇ ನಿಲ್ಲಬೇಕಿತ್ತು. ಆ ಮಧ್ಯಾಹ್ನ ನಾನು ಒಬ್ಬಳೇ ಕೂತು ಸುಮಾರು ಹೊತ್ತು ಆ ಸದ್ದನ್ನೇ ಕೇಳಿದೆ. ಖುಷಿಯಾಯಿತು.

ಪ್ಲೇಯರನ್ನು ಆಂಪ್ಲಿಫಯರಿನ ಮೇಲಿಂದ ಇಳಿಸಿ ಒಂದು ಮಾರು ದೂರ ಇಟ್ಟೆ. ಸದ್ದು ಸ್ವಲ್ಪ ಇಳಿಯಿತು, ಹೋಗಲಿಲ್ಲ. ಕೇಬಲ್ಲು ಬದಲಿಸಿದೆ. ಫ್ರಿಜ್ಜು, ಟ್ಯೂಬ್‌ಲೈಟು, ಫ್ಯಾನು ಒಂದೊಂದಾಗಿ ಆರಿಸಿದೆ. ಏನೂ ಆಗಲಿಲ್ಲ. ಮುಳ್ಳಿನ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿದರೆ ಮಾತ್ರ ಸದ್ದು ಬದಲಾಗುತ್ತಿತ್ತು, ನನ್ನನ್ನು ಅಣಕಿಸುತ್ತಿದೆ ಅನ್ನಿಸುತ್ತಿತ್ತು. ಕೊನೆಗೆ ಪ್ಲೇಯರನ್ನು ಹಳೆಯ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ರಾಜಾಜಿನಗರದ ಒಬ್ಬ ರೇಡಿಯೋ ಮೆಕ್ಯಾನಿಕ್ ಹತ್ತಿರ ಹೋದೆ. ದಾರಿಯ ಪ್ರತಿ ಉಬ್ಬಿಗೂ ದೊಡ್ಡವ್ವನನ್ನೇ ಬೈದುಕೊಂಡೆ.

ಮೆಕ್ಯಾನಿಕ್ ಅದನ್ನು ತನ್ನ ಅಂಗಡಿಯ ಆಂಪ್ಲಿಫಯರಿಗೆ ಜೋಡಿಸಿದ. ಅಂಗಡಿಯಲ್ಲಿದ್ದ ಯಾವುದೋ ಸಿನಿಮಾ ರೆಕಾರ್ಡು ಹಾಕಿದ, ಹಾಡು ಮಾತ್ರ ಬಂತು. ಗುಂಯ್ ಇಲ್ಲವೇ ಇಲ್ಲ.

"ಪ್ಲೇಯರ್ ಚೆನ್ನಾಗೇ ಇದೆ ಮೇಡಂ," ಎಂದ. ಪ್ಲೇಯರಿನ ಹಿಂದಿನಿಂದ ಹೊರಟ ತೆಳ್ಳನೆಯ ಹಸಿರು ವೈರನ್ನು ಎತ್ತಿ ತೋರಿಸಿದ. "ಇದು ಅರ್ಥ್ ವೈರು. ನಾನಿಲ್ಲಿ ಆಂಪ್ಲಿಫಯರ್ ಹಿಂದಿನ ಸ್ಕ್ರೂಗೆ ಹಾಕಿದೀನಿ. ನಿಮ್ಮನೇಲಿ ಇದು ಎಲ್ಲಿಗೆ ಹೋಗತ್ತೆ, ನೋಡ್ಕೊಂಡ್ ಬನ್ನಿ."

ಮನೆಗೆ ಬಂದು ನೋಡಿದೆ. ಆ ವೈರಿಗೆ ಅಪ್ಪ ಒಂದು ಉದ್ದನೆಯ ಹಸಿರು ವೈರನ್ನು ಸೇರಿಸಿದ್ದ. ಅದು ಷೋಕೇಸಿನ ಹಿಂದೆ ಇಳಿದು, ಗೋಡೆಯ ಬುಡ ಹಿಡಿದು, ಅಡುಗೆಮನೆ ಹೊಕ್ಕು, ಸಿಂಕಿನ ಕೆಳಗಿನ ನಲ್ಲಿ ಪೈಪಿಗೆ ಹೋಗಿ ಸುತ್ತಿಕೊಂಡಿತ್ತು. ಅಪ್ಪ ಹಳೆಯ ರೇಡಿಯೋ ಕಾಲದ ಮನುಷ್ಯ. ಆಗ ಅರ್ಥ್ ಎಂದರೆ ನಲ್ಲಿಯ ಕಬ್ಬಿಣದ ಪೈಪು, ಅದು ನೇರ ನೆಲಕ್ಕೆ ಹೋಗುತ್ತದೆ. ಆದರೆ ಹಿಂದೊಮ್ಮೆ ಮನೆ ರಿಪೇರಿ ಮಾಡಿಸಿದಾಗ ಕಬ್ಬಿಣದ ಪೈಪೆಲ್ಲ ಕಿತ್ತು ಪ್ಲಾಸ್ಟಿಕ್ಕಿನದು ಹಾಕಿಸಿದ್ದೆವು. ಪ್ಲಂಬರು ಪುಣ್ಯಾತ್ಮ, ಯಜಮಾನರು ಕಟ್ಟಿದ್ದ ವೈರಲ್ಲವೇ ಎಂದು ಅದನ್ನು ಜೋಪಾನವಾಗಿ ಬಿಚ್ಚಿ, ಪ್ಲಾಸ್ಟಿಕ್ ಪೈಪಿಗೆ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಮೇಲೆ ಟೇಪು ಬೇರೆ ಅಂಟಿಸಿದ್ದ. ನಾನು ದಿನಾ ಅದರ ಮೇಲಿನ ಧೂಳು ಒರೆಸುತ್ತಿದ್ದೆ.

ಸಿಂಕಿನ ಕೆಳಗೆ ಕೂತು ನಕ್ಕೆ. ಆಮೇಲೆ ಟೇಪು ಕಿತ್ತು, ಉದ್ದನೆಯ ವೈರು ಬಿಸಾಡಿ, ಪ್ಲೇಯರಿನ ತುಂಡು ವೈರನ್ನು ಆಂಪ್ಲಿಫಯರ್ ಹಿಂದಿನ ಸ್ಕ್ರೂಗೆ ಬಿಗಿದೆ. ಸದ್ದು ಅಡಗಿತು. ಮೂರನೇ ಹಾಡಿಗೆ ಮುಳ್ಳು ಇಟ್ಟೆ.

ಎರಡನೇ ನುಡಿ ಅವ್ವನದೇ. ಅಡುಗೆಮನೆಯಿಂದ ನನ್ನನ್ನು ಕೂಗುತ್ತಿದ್ದ ದನಿ, ಇನ್ನೂ ಹರೆಯದ್ದು. ಅದರ ಹಿಂದೆ, ತುಸು ದೂರದಿಂದ, ಎರಡು ಸಣ್ಣ ಕೆಮ್ಮು, ಜೋಡಿಯಾಗಿ. ದೊಡ್ಡವ್ವ ಈಗಲೂ ಹಾಗೇ ಕೆಮ್ಮುತ್ತಾಳೆ. ನಮ್ಮ ಬಳಗದಲ್ಲಿ ಆ ಕೆಮ್ಮು ಕೇಳಿದರೆ ಬಾಗಿಲು ತೆಗೆಯುವ ಮೊದಲೇ ಲೋಟ ತೊಳೆಯುತ್ತಾರೆ. ನಾನು ಅತ್ತೆ. ಅತ್ತು ಮುಗಿದ ಮೇಲೆ ಕ್ಯಾಲೆಂಡರಿನಲ್ಲಿ ಸ್ಮರಣೆಯ ದಿನಕ್ಕೆ ಎಷ್ಟು ವಾರವಿದೆಯೆಂದು ನೋಡಿದೆ.

ಆ ದಿನ ಬಂತು. ಊಟವಾಯಿತು. ಅದೇ ನೆಂಟರು, ಅದೇ ಕುರ್ಚಿ. ದೊಡ್ಡವ್ವನಿಗೆ ಹೋಳಿಗೆಯ ಮೇಲೆ ತುಪ್ಪ ನಾನೇ ಬಡಿಸಿದ್ದೆ, ಇನ್ನೊಂದು ಹಾಕಿಸಿಕೊಳ್ಳಿ ಎಂದು ಉಪಚಾರವನ್ನೂ ಮಾಡಿದ್ದೆ. ರೆಕಾರ್ಡು ಹಾಕಿದೆ. ಎರಡನೇ ನುಡಿ ಬಂತು, ಅದರೊಳಗೆ ಕೆಮ್ಮೂ ಬಂತು.

ನೆಂಟರ ಬಾಯಲ್ಲಿದ್ದ ಎಲೆಯಡಿಕೆ ನಿಂತಿತು. ಹಾಡುತ್ತಿರುವವಳೇ ಆ ಹೊತ್ತಿಗೆ ಕೆಮ್ಮಲು ಆಗುವುದಿಲ್ಲ, ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಎಲ್ಲರೂ ದೊಡ್ಡವ್ವನ ಮುಖ ನೋಡಿದರು. ನಾನು ಒಂದು ವರ್ಷ ಕಾದದ್ದು ಅದನ್ನು ನೋಡಲಿಕ್ಕೆ. ಕಣ್ತುಂಬ ನೋಡಿದೆ.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾಳೆ, ಆಗ ಕೊಡಲು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅವಳು ಹಾಗೆ ಏನೂ ಅನ್ನಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹಾಡು ಮುಗಿದ ಮೇಲೆ ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡಳು.

"ಅವಳ ದನಿ ಮರ್ತೇ ಹೋಗಿತ್ತು ಕಣೇ," ಎಂದಳು. "ಇನ್ನೊಂದ್ ಸಲ ಹಾಕು."

ನಾನು ಎದ್ದು ಆಂಪ್ಲಿಫಯರಿನ ಹಿಂದೆ ಕೈ ಹಾಕಿದೆ. ಸ್ಕ್ರೂ ಸಡಿಲ ಮಾಡಿ ಹಸಿರು ವೈರನ್ನು ಹೊರಗೆಳೆದೆ. ನಡುಮನೆಯ ತುಂಬ ಗುಂಯ್ ಎದ್ದಿತು. ಮೂರನೇ ಹಾಡಿಗೆ ಮುಳ್ಳು ಇಟ್ಟೆ.

"ಕೇಳಿ ದೊಡ್ಡವ್ವ," ಎಂದೆ. "ಗುಂಯ್ ಅಂತಿದ್ಯಲ್ಲ, ಅದೇ ನಮ್ಮವ್ವ."

ಅವಳು ತಿರುಗಿ ನೋಡಲಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಹುಡುಕುತ್ತಿದ್ದಳು. ಎರಡನೇ ನುಡಿ ಬಂದು ಹೋಯಿತು. ಅವಳಿಗೂ ಅವ್ವ ಸಿಗಲಿಲ್ಲ, ನನಗೂ ಸಿಗಲಿಲ್ಲ. ವೈರು ನನ್ನ ಬೆರಳ ನಡುವೆಯೇ ಇತ್ತು. ಹಾಡು ಮುಗಿಯುವ ತನಕ ಅದನ್ನು ಸ್ಕ್ರೂಗೆ ಹಾಕಲಿಲ್ಲ.