ಕಾರಿನ ಸೂಜಿ ಮಾಡಿದ ಅಕ್ಕಸಾಲಿ

ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತ ಒಂದು ಗಾದೆ ಮಾಡಿಟ್ಟಿದ್ದಾರೆ. ಮಾಡಿದವನ ಬಾಯಿಗೆ ಮಣ್ಣು ಬೀಳ. ನಮ್ಮ ಯಜಮಾನರು ನಾಗಲಿಂಗಾಚಾರ್ರು ಬಂಗಾರಪೇಟೇಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದೀಲಿ, ಮೂವತ್ತು ವರ್ಷ ಚಿನ್ನದ ಕೆಲಸ ಮಾಡಿದರು. ಒಬ್ಬರ ಚಿನ್ನದಲ್ಲಿ ಒಂದು ಗುಲಗಂಜಿ ತೂಕ ಮುಟ್ಟಲಿಲ್ಲ. ಸಂಜೆ ಎದ್ದ ಮೇಲೆ ಅವರು ಕೂತಿದ್ದ ಜಾಗ ನನ್ನ ಕೈಲಿ ಗುಡಿಸಿಸಿ, ಆ ಕಸ ಸುಡಿಸಿ, ನೀರಲ್ಲಿ ತೊಳೆಸಿ, ತಳದಲ್ಲಿ ನಿಂತ ಪುಡೀನ ಯಾರ ಒಡವೇದೋ ಅವರಿಗೇ ಕೊಡಿಸ್ತಿದ್ದರು. ನನಗೆ ಹೊಟ್ಟೆ ಉರೀತಿತ್ತು. ಮೂವತ್ತು ವರ್ಷದ ಕಸ ಇಟ್ಟುಕೊಂಡಿದ್ದರೆ ನನಗೂ ಒಂದು ಎಳೆ ಸರ ಆಗ್ತಿತ್ತು.

ನಮ್ಮನೇಲಿ ಇನ್ನೊಂದು ಪದ್ಧತಿ ಇತ್ತು. ಓಲೆಯೋ ಜುಮಕಿಯೋ ಬಳೆಯೋ, ಜೋಡಿ ಅಂದ ಮೇಲೆ ಎರಡರಲ್ಲಿ ಒಂದಕ್ಕೆ ಅರದ ತುದೀಲಿ ಒಂದು ಸಣ್ಣ ಗೀಟು ಹಾಕಿಬಿಡೋದು. ಮಗು ಕೆನ್ನೆಗೆ ಕಪ್ಪು ಬೊಟ್ಟು ಇಡ್ತೀವಲ್ಲ, ಹಂಗೆ. ನಮ್ಮ ಮಾವ ಅದಕ್ಕೆ ದೃಷ್ಟಿಗೀಟು ಅಂತಿದ್ದರು. ತಪ್ಪೇ ಇಲ್ಲದ ಕೆಲಸ ಆಚಾರಿಗೆ ಕಡೇ ಕೆಲಸ ಅನ್ನೋದು ಅವರ ಮಾತು. ಮಾವ ಹೋಗಿ ಹದಿನೈದು ವರ್ಷ ಆದರೂ ಮಗನ ಕೈ ಆ ಗೀಟು ಮರೀಲಿಲ್ಲ. ಅವರಿಗೆ ಅದು ಹಾಕಿದ್ದು ಕೂಡ ಗೊತ್ತಾಗ್ತಿರಲಿಲ್ಲ.

ಅರವತ್ಮೂರನೇ ಇಸವಿ, ಸಂಕ್ರಾಂತಿ ಹೊತ್ತಿಗೆ ಸರಕಾರದ ಆರ್ಡರ್ ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಚಿನ್ನದಲ್ಲಿ ಒಡವೆ ಮಾಡಂಗಿಲ್ಲ. ಹದಿನಾಲ್ಕು ಕ್ಯಾರೆಟ್ ತಾಳಿ ಯಾರು ಕಟ್ಟಿಸ್ತಾರೆ, ನೀವೇ ಹೇಳಿ. ಮಾರಿಕುಪ್ಪಂ ರೈಲು ಹತ್ತಿದರೆ ಅರ್ಧ ಗಂಟೇಲಿ ಗಣಿ. ಅಲ್ಲಿ ಭೂಮಿ ಬಗೆದು ಚಿನ್ನ ತೆಗೀತಾರೆ, ಇಲ್ಲಿ ಆಚಾರಿ ಅದನ್ನ ಮುಟ್ಟಂಗಿಲ್ಲ. ಯಾವ ನ್ಯಾಯಾನೋ ಕಾಣೆ. ಒಂದು ತಿಂಗಳಿಗೆ ಚಿನ್ನ ಕಾಯಿಸೋ ನಮ್ಮ ಕುಂಪಟೆ ತಣ್ಣಗಾಯ್ತು.

ಯುಗಾದಿ ಆದ ಮೇಲೆ ಬೂದಿಕೋಟೇಲಿ ನನ್ನ ತಂಗಿ ಗಂಡ ಜೀವ ಕಳಕೊಂಡರು. ಅವರೂ ಇದೇ ಕೆಲಸದವರು. ಕುಡೀಬಾರದ್ದು ಕುಡಿದರು, ಅಷ್ಟೇ ಹೇಳ್ತೀನಿ. ಮಣ್ಣು ಮಾಡಿ ಬಂದ ದಿನದಿಂದ ನಮ್ಮ ಯಜಮಾನರು ಮಾತು ನಿಲ್ಲಿಸಿದರು. ಬೆಳಗೆದ್ದು ಮುಖ ತೊಳೆದು ವಿಭೂತಿ ಇಟ್ಟುಕೊಂಡು ಕೆಲಸದ ಮಣೆ ಮೇಲೆ ಕೂರೋರು. ಕೈ ಎರಡೂ ತೊಡೆ ಮೇಲೆ. ಊಟಕ್ಕೆ ಕರೆದರೆ ಬರೋರು, ತಿನ್ನೋರು, ಮತ್ತೆ ಹೋಗಿ ಕೂರೋರು.

ನನಗಿದ್ದದ್ದು ಒಂದೇ ಭಯ, ಬಾಯಿಬಿಟ್ಟು ಹೇಳ್ತೀನಿ. ಇವರೂ ಹಂಗೇ ಹೋಗಿಬಿಡ್ತಾರೆ ಅಂತ. ಹಿತ್ತಲಿಗೆ ಹೋದರೆ ಹಿತ್ತಲಿಗೆ ಹೋದೆ, ಬಾವಿಗೆ ಹೋದರೆ ಬಾವಿಗೆ ಹೋದೆ. ಎರಡು ಎಮ್ಮೆ ಹಾಲಲ್ಲಿ ಮನೆ ನಡೀತಿತ್ತು. ಹಾಲು ಕರೆಯೋವಾಗಲೂ ಒಂದು ಕಣ್ಣು ಅವರ ಮೇಲೇ. ಕ್ಯಾಸಂಬಳ್ಳಿಯಿಂದ ಹುಲ್ಲು ತರೋ ಪಾಪಕ್ಕ ಒಂದು ದಿನ, "ಇದ್ಯಾಕಮ್ಮಿ, ಆಚಾರ್ರು ಗರ ಬಡ್ದಂಗೆ ಅಂಗೇ ಕುಂತವ್ರೆ?" ಅಂದಳು. "ನಿನ್ನ ಉಲ್ಲು ಆಕಿ ಓಗು, ಊರ ಉಸಾಬರಿ ನಿಂಗ್ಯಾಕೆ" ಅಂತ ಗದರಿದೆ. ಆಮೇಲೆ ಕೊಟ್ಟಿಗೇಲಿ ಎಮ್ಮೆ ಕತ್ತು ಹಿಡಕೊಂಡು ಅತ್ತೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಆರುಮುಗಂ ಬಂದ. ಅವನ ಕಾರು ಬೀದಿ ತಿರುವಲ್ಲಿದ್ದಾಗಲೇ ನಮ್ಮೆಮ್ಮೆ ಹಗ್ಗ ಕಿತ್ತುಕೊಳ್ತು, ಅಷ್ಟು ಸದ್ದು. ಆರುಮುಗಂ ಗಣಿಯ ಮೋಟಾರು ಶೆಡ್ಡಿನಲ್ಲಿ ಫಿಟ್ಟರು. ಬಿಳಿ ದೊರೆಗಳು ಊರು ಬಿಡೋ ಕಾಲದಲ್ಲಿ ಒಬ್ಬ ದೊರೆ ಎಂ.ಜಿ. ಅನ್ನೋ ಎರಡೇ ಸೀಟಿನ ಕಾರನ್ನ ಹಳ್ಳಕ್ಕೆ ಮಗುಚಿ, ಬೇಡ ಅಂತ ಬಿಟ್ಟು ಹೋಗಿದ್ದನಂತೆ. ಇವನು ಆರು ವರ್ಷ ಅದರ ಜೊತೆ ಹೊರಳಾಡಿ ಎಬ್ಬಿಸಿ ನಿಲ್ಲಿಸಿದ್ದ. ಮದ್ರಾಸಿನ ಆಚೆ ಷೋಲಾವರದಲ್ಲಿ ಯುದ್ಧದ ಕಾಲದ ವಿಮಾನ ಮೈದಾನ ಇದೆಯಲ್ಲ, ಅಲ್ಲಿ ವರ್ಷಕ್ಕೊಂದು ಸಲ ನಡೆಯೋ ರೇಸಿನಲ್ಲಿ ಅದನ್ನ ಓಡಿಸಬೇಕು ಅನ್ನೋದು ಅವನ ಆಸೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದುಕೊಂಡೆ.

ಕಾರು ಹಗುರಾದಷ್ಟೂ ಓಟ ಅಂತ ಸಿಕ್ಕಿದ್ದನ್ನೆಲ್ಲ ಕಿತ್ತು ಹಾಕಿದ್ದ. ಮೇಲಿನ ಬಟ್ಟೆ ಇಲ್ಲ, ಮುಂದಿನ ಗಾಜಿಲ್ಲ, ಬಂಪರಿಲ್ಲ, ಸ್ಟೆಪ್ನಿ ಇಲ್ಲ. ಕಾಲಲ್ಲಿ ಒತ್ತೋ ಪೆಡಲಿಗೂ ತೂತು ಕೊರೆದಿದ್ದ, ಅಷ್ಟಾದರೂ ಕಬ್ಬಿಣ ಕಮ್ಮಿ ಆಗಲಿ ಅಂತ. ನಮ್ಮವರು ಒಂದು ಗುಲಗಂಜಿ ಕಳೆದರೆ ನಿದ್ದೆಗೆಡೋರು, ಇವನು ಮಣಗಟ್ಟಲೆ ಬಿಸಾಕಿ ಹಲ್ಲು ಕಿರೀತಿದ್ದ.

ಕರವಸ್ತ್ರ ಬಿಚ್ಚಿ ಎರಡು ಹಿತ್ತಾಳೆ ಸೂಜಿ ತೋರಿಸಿದ. ಒಂದೊಂದೂ ಬೆರಳಷ್ಟು ಉದ್ದ, ಬುಡ ದಪ್ಪ, ತುದಿಗೆ ಹೋಗ್ತಾ ಸಣ್ಣ. ಇಂಜಿನ್ನಿಗೆ ಪೆಟ್ರೋಲು ಉಣಿಸೋ ಕಾರ್ಬುರೇಟರ್ ಅಂತ ಎರಡಿವೆ, ಒಂದೊಂದರಲ್ಲಿ ಒಂದು ಸೂಜಿ. ಸೂಜಿ ತೂತಿನಿಂದ ಮೇಲೆದ್ದಷ್ಟೂ ಪೆಟ್ರೋಲು ಜಾಸ್ತಿ ಹರೀತದೆ. ಈಗ ಇಂಜಿನ್ನಿಗೆ ಹಸಿವು ಹೆಚ್ಚಾಗಿದೆ, ಅದಕ್ಕೆ ಇನ್ನೂ ತೆಳ್ಳಗಿನ ಸೂಜಿ ಬೇಕು, ದೊರೆಗಳ ಸೀಮೆಯಿಂದ ತರಿಸೋಣ ಅಂದರೆ ಸರಕಾರ ಬಿಡಲ್ಲ ಅಂದ.

"ಹಿತ್ತಾಳೆ ಕಂಚುಗಾರರ ಕೆಲಸ" ಅಂದರು ನಮ್ಮವರು. "ನಾವು ಮುಟ್ಟಲ್ಲ."

ಆರು ತಿಂಗಳಿಗೆ ಅವರು ಬಾಯಿಬಿಟ್ಟ ಮೊದಲನೇ ಮಾತು ಅದು. ನನಗೆ ಅವರನ್ನ ತಬ್ಬಿಕೊಳ್ಳಬೇಕೋ ತಲೆಮೇಲೆ ಕುಕ್ಕಬೇಕೋ ತಿಳೀಲಿಲ್ಲ.

ಆರುಮುಗಂ ಎದ್ದು ಹೋಗಲಿಲ್ಲ. "ಲೇತಲ್ಲಿ ಮಾಡಿಸಿ ನೋಡಿದೆ ಆಚಾರ್ರೇ, ಬಗ್ಗೋಯ್ತು. ಕೂದಲೆಳೆಯಷ್ಟು ತೆಳ್ಳಗಾಗಬೇಕು, ಎರಡೂ ಒಂದೇ ಥರ ಇರಬೇಕು. ಅಂಥಾ ಕೈ ಗಣೀಲಿ ಇಲ್ಲ" ಅಂದು ಒಂದು ಸೂಜೀನ ಅವರ ಅಂಗೈಲಿಟ್ಟ. ನಮ್ಮವರು ಅದನ್ನ ಹೆಬ್ಬೆಟ್ಟು ತೋರುಬೆರಳ ನಡುವೆ ಹೊರಳಿಸಿದರು. ಇನ್ನೊಂದನ್ನೂ ಇಸಕೊಂಡು ಹೊರಳಿಸಿದರು. "ಜುಮಕಿ ಜೋಡಿ ಇದ್ದಂಗೆ ಅನ್ನು" ಅಂದರು. ನಾನು ಒಳಗೋಡಿ ಆರುಮುಗನಿಗೆ ಗಟ್ಟಿ ಹಾಲಿನ ಕಾಫಿ ಮಾಡಿ ತಂದೆ.

ಹತ್ತು ದಿನ ಕೆಲಸ ಮಾಡಿದರು. ಹಿತ್ತಾಳೆ ಕಡ್ಡಿ ಕಾಯಿಸಿ, ಬಡಿದು, ತೂತಿನ ಪಟ್ಟೀಲಿ ತಂತಿ ಎಳೆದು, ಅರ ಹಾಕಿ, ಉಜ್ಜಿ. ಸಣ್ಣ ತಗಡಿನಲ್ಲಿ ಸಾಲಾಗಿ ತೂತು ಮಾಡಿಕೊಂಡು, ಸೂಜಿ ಯಾವ ತೂತಿನಲ್ಲಿ ಎಷ್ಟು ಇಳೀತದೆ ಅಂತ ಅಳೆಯೋರು. ಕುಂಪಟೆ ಹೊಗೆಗೆ ನಾನು ಕೆಮ್ಮಿದರೆ, "ಆಚೆ ಹೋಗೇ" ಅನ್ನೋರು. ಆ ಬೈಗುಳ ನನಗೆ ಬೆಲ್ಲ ತಿಂದಂಗಿತ್ತು.

ಜೋಡಿ ಕೊಟ್ಟ ಭಾನುವಾರ ಆರುಮುಗಂ ಅಲ್ಲೇ ಬೀದೀಲಿ ಕೂತು ಸೂಜಿ ಹಾಕಿದ, "ಬನ್ನಿ ಆಚಾರ್ರೇ, ನಿಮ್ಮ ಕೆಲಸ ನೀವೇ ನೋಡಿ" ಅಂತ ಕೂರಿಸಿಕೊಂಡ. ಪಂಚೆ ಕಚ್ಚೆ ಕಟ್ಟಿ, ತಲೆಗೆ ಟವಲ್ಲು ಬಿಗಿದು ನಮ್ಮೆಜಮಾನರು ಆ ಗೂಡಿನಂಥ ಕಾರಲ್ಲಿ ಕೂತದ್ದು ನೋಡಿ ಬೀದಿ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಬೂದಿಕೋಟೆ ರಸ್ತೇಲಿ ಹೋಗಿ ಬಂದರು. ಬಂದಾಗ ಇಬ್ಬರ ಮುಖಾನೂ ಸಪ್ಪಗಿತ್ತು.

ಐವತ್ತು ಮೈಲಿ ಸ್ಪೀಡಿಗೆ ಬಂದಾಗ ಇಂಜಿನ್ನು ಬಿಕ್ಕುತ್ತೆ, ದಾಟಿದರೆ ಸರಿ, ಅಷ್ಟರೊಳಗೆ ಬೇರೆಯವರು ಮುಂದೆ ಹೋಗಿರ್ತಾರೆ ಅಂದ ಆರುಮುಗಂ. ಬಾನೆಟ್ಟು ಎತ್ತಿ ನಾಲ್ಕು ಪ್ಲಗ್ ಬಿಚ್ಚಿ ಸಾಲಾಗಿಟ್ಟ. ಮುಂದಿನೆರಡು ನೆಟ್ಟಗಿದ್ದವು, ಹಿಂದಿನೆರಡು ಮಸಿ ಹಿಡಿದಿದ್ದವು. ಹಿಂದಿನ ಕಾರ್ಬುರೇಟರ್ರಿನಲ್ಲಿ ಎಲ್ಲೋ ಪೆಟ್ರೋಲು ಜಾಸ್ತಿ ಹರೀತಿದೆ ಅಂತ ಅದನ್ನ ಬಿಚ್ಚಿದ, ತೊಳೆದ, ಜೋಡಿಸಿದ. ಮುಂದಿನ ಭಾನುವಾರ ಬಂದು ಮತ್ತೆ ಬಿಚ್ಚಿದ. ಸೂಜಿ ಮೇಲೆ ಒಂದು ದಿನಾನೂ ಅನುಮಾನ ಪಡಲಿಲ್ಲ. ಆಚಾರ್ರ ಕೆಲಸ ಅಂದರೆ ಅವನಿಗೆ ದೇವರ ಕೆಲಸ.

ಮೂರನೇ ಭಾನುವಾರ, "ಬಿಡಿ ಆಚಾರ್ರೇ, ಈ ವರ್ಷ ಆಗಲ್ಲ" ಅಂದು ಹೊರಟುಹೋದ. ನಮ್ಮವರು ಮಣೆ ಮೇಲೆ ಕೂತರು. ಕೈ ಮತ್ತೆ ತೊಡೆ ಮೇಲೆ ಹೋಯ್ತು. "ನನ್ನ ಕೈ ಹೋಯ್ತು ಕಣೇ" ಅಂದರು.

ತಪ್ಪು ಎಲ್ಲಿದೆ ಅಂತ ಮೊದಲನೇ ಭಾನುವಾರ ಪ್ಲಗ್ ನೋಡಿದಾಗಲೇ ನನಗೆ ಗೊತ್ತಾಗಿತ್ತು. ಕೊಡೋ ದಿನ ಬೆಳಿಗ್ಗೆ ಅವರು ಒಂದು ಸೂಜಿ ನಡುವಿಗೆ ಗೀಟು ಎಳೆದದ್ದು ನಾನು ಕಂಡಿದ್ದೆ. ಸೂಜಿ ಅಷ್ಟು ಮೇಲೆದ್ದಾಗ ಆ ಗೀಟಿನ ಸಂದೀಲಿ ಪೆಟ್ರೋಲು ಜಾಸ್ತಿ ನುಗ್ತಿತ್ತು. ಹೇಳಲಿಲ್ಲ. ಹೇಳಿದರೆ ಗೀಟಿಲ್ಲದ್ದು ಮಾಡ್ತಾರೆ, ಮಾಡಿದರೆ ಅದು ಕಡೇ ಕೆಲಸ ಅನ್ನೋ ಮಾವನ ಮಾತು ತಲೇಲಿ ಕೂತಿತ್ತು. ಹೇಳದೇ ಇದ್ದರೆ ಆಗೋದು ಏನು ಅಂತ ಈಗ ಕಣ್ಣೆದುರಿಗೇ ಇತ್ತು. ಅತ್ತ ದರಿ ಇತ್ತ ಪುಲಿ. ಕೊನೆಗೆ ನಾನು ಯೋಚನೆ ಮಾಡಲೇ ಇಲ್ಲ, ಬಾಯೇ ತಾನಾಗಿ ಆಡಿಬಿಡ್ತು.

"ನಿಮ್ಮ ಕೈ ಎಲ್ಲೂ ಹೋಗಿಲ್ಲ. ದೃಷ್ಟಿಗೀಟು ಹಾಕಿದೀರಲ್ಲ, ಅದು ಬಿಕ್ಕುಸ್ತಿರೋದು."

"ಗೀಟಾ?" ಅಂದರು. ಉಸಿರಾಡಿದ್ದೇ ತಪ್ಪು ಅಂತ ನಾನು ಅಂದಿದ್ದರೂ ಅಷ್ಟು ಆಶ್ಚರ್ಯ ಪಡ್ತಿರಲಿಲ್ಲವೇನೋ. ಆಮೇಲೆ ಕೈ ಚಾಚಿ ಹಿತ್ತಾಳೆ ಕಡ್ಡಿ ತಗೊಂಡರು.

ನಾನು ಆ ಕೈ ಹಿಡಕೊಂಡೆ. "ಬೇಡ. ಗೀಟಿಲ್ಲದೆ ಮಾಡಬೇಡಿ. ಮಾವ ಹೇಳಿದ್ದು ಮರೆತ್ರಾ? ನನ್ನ ತಂಗಿ ಹಣೆ ನೋಡಿದೀರಿ, ನನ್ನನ್ನೂ ಹಂಗೆ ಮಾಡಬೇಡಿ." ಅಷ್ಟು ತಿಂಗಳು ಅದುಮಿಟ್ಟದ್ದೆಲ್ಲ ಹೊರಗೆ ಬಂತು.

ಅವರು ನನ್ನ ಮುಖ ನೋಡಿದರು. ಸಂಕ್ರಾಂತಿಯಿಂದ ಈಚೆಗೆ ಅವರು ನನ್ನನ್ನ ನೆಟ್ಟಗೆ ನೋಡಿದ್ದು ಅವತ್ತೇ. "ಅಪ್ಪ ಹೇಳಿದ್ದು ಮೈಮೇಲೆ ಹಾಕ್ಕೊಂಡು ತಿರುಗೋ ಒಡವೆಗೆ ಕಣೇ. ನಾಲ್ಕು ಜನರ ಕಣ್ಣು ಬೀಳ್ತದೆ. ಈ ಸೂಜಿ ಡಬ್ಬಿ ಒಳಗೆ ಕೂತು ಪೆಟ್ರೋಲು ಕುಡಿಯೋದು. ಕಾಣದ್ದಕ್ಕೆ ಯಾರ ದೃಷ್ಟಿ?" ಅಂದರು. ಮೆಲ್ಲಗೆ ನನ್ನ ಬೆರಳು ಬಿಡಿಸಿದರು. ಮಾತು ಸರಿಯಾಗೇ ಇತ್ತು. ಭಯ ಮಾತು ಕೇಳ್ತದಾ? ನಾನು ಕಾಳಮ್ಮನಿಗೆ ಹರಕೆ ಕಟ್ಟಿಕೊಂಡೆ.

ಎರಡು ದಿನದಲ್ಲಿ ಗೀಟಿಲ್ಲದ ಸೂಜಿ ಆಯ್ತು, ಆರುಮುಗನಿಗೆ ಹೇಳಿ ಕಳಿಸಿದೆವು. ಕಾರಿಂದ ಬಿಚ್ಚಿದ ಗೀಟಿಲ್ಲದ ಹಳೇ ಸೂಜಿ ಪಕ್ಕದಲ್ಲಿಟ್ಟರೆ ಯಾವುದು ಯಾವುದು ಅಂತ ಮಾಡಿದವರಿಗೇ ಗೊತ್ತಾಗ್ತಿರಲಿಲ್ಲ. ಮುಂದಿನ ಭಾನುವಾರ ಬೂದಿಕೋಟೆ ರಸ್ತೇಲಿ ಕಾರು ಒಂದೇ ಉಸಿರಿಗೆ ಹೋಯ್ತಂತೆ. ತಿರುಗಿ ಬಂದು ಆರುಮುಗಂ ನಮ್ಮವರ ಕಾಲಿಗೆ ಬಿದ್ದ. ಆಮೇಲೆ ಆ ಎರಡನೇ ಸೀಟನ್ನೂ ಕಿತ್ತು ನಮ್ಮ ಜಗಲಿ ಮೇಲೆ ಬಿಟ್ಟು ಹೋದ, ತೂಕ ಅಂತ. ಬೆಕ್ಕು ಅದರ ಮೇಲೆ ಮರಿ ಹಾಕಿತು.

ಫೆಬ್ರವರಿಯಲ್ಲಿ ರೇಸು ಮುಗಿಸಿ ಬಂದ. ನಾಲ್ಕನೇ ಜಾಗ ಸಿಕ್ಕಿತ್ತು. "ಒಂದು ಸಲಾನೂ ಬಿಕ್ಕಲಿಲ್ಲ ಆಚಾರ್ರೇ" ಅಂತ ಹತ್ತು ಸಲ ಹೇಳಿದ. ನಮ್ಮವರು ತಲೆ ಆಡಿಸಿ, "ಒಳ್ಳೇದಾಯ್ತು" ಅಂದರು. ಅವನು ಕಾಫಿ ಕುಡಿದು ಹೋದ.

ಆ ಸಂಜೆಯಷ್ಟು ನಾನು ಹೆದರಿದ್ದು ಯಾವತ್ತೂ ಇಲ್ಲ. ತಪ್ಪಿಲ್ಲದ ಕೆಲಸ ಆಗಿತ್ತು, ರೇಸು ಓಡಿಯೂ ಆಗಿತ್ತು. ಚಿನ್ನದ ಆರ್ಡರ್ ಹಂಗೇ ಇತ್ತು. ಇನ್ನು ಮಾಡೋಕೆ ಅಂತ ಅವರ ಮುಂದೆ ಒಂದು ಚೂರೂ ಇರಲಿಲ್ಲ.

ಬೆಳಿಗ್ಗೆ ಹಾಲು ಕರೆದು ಒಳಗೆ ಬಂದೆ. ಹಾಸಿಗೆ ಸುತ್ತಿಟ್ಟಿತ್ತು, ಅವರಿರಲಿಲ್ಲ. ತಂಬಿಗೆ ಕೈಲಿದ್ದಂಗೇ ಓಡಿದೆ. ಕೆಲಸದ ಕೋಣೇಲಿ ಕುಂಪಟೆ ಉರೀತಿತ್ತು. ಮಣೆ ಮೇಲೆ ಕೂತು ಹಿತ್ತಾಳೆ ತಂತಿ ಎಳೀತಿದ್ದರು.

"ಯಾರಿಗೆ? ಯಾರು ಹೇಳಿದರು ಮಾಡೋಕೆ?" ಅಂದೆ.

"ಯಾರೂ ಹೇಳಿಲ್ಲ. ತುದಿ ಇನ್ನೊಂದು ಕೂದಲು ಸಣ್ಣ ಆಗಬೇಕಿತ್ತು ಅನ್ನಿಸ್ತು" ಅಂದರು ತಲೆ ಎತ್ತದೆ. "ಮುಂದಿನ ವರ್ಷಕ್ಕೆ."

ನಾನು ಹಾಲು ಪಕ್ಕಕ್ಕಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಏನಾಯ್ತೇ?" ಅಂದರು.

"ಏನಿಲ್ಲ. ಯಾವಾಗಕ್ಕೆ ಅಂದಿರಿ, ಇನ್ನೊಂದು ಸಲ ಅನ್ನಿ."

"ಹುಚ್ಚಿ" ಅಂದರು. ಆಮೇಲೆ ಇನ್ನೊಂದು ಸಲ ಅಂದರು.