ಅಣ್ಣಮ್ಮನ ಎಂಬತ್ತು ಚಕ್ರಗಳು

ಬೆಳಗಿನ ಆರು ಗಂಟೆ. ಜಾವಳಿ ಸಮೀಪದ ಎಸ್ಟೇಟಿನ ಸಿಮೆಂಟ್ ಕಣದಲ್ಲಿ ಅಣ್ಣಮ್ಮ ಕುಕ್ಕರಗಾಲಲ್ಲಿ ಕೂತು, ಚಕ್ರವೊಂದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. ಗರಗರ ಅಂದರೆ ಒಳಗೆ ಮಣ್ಣಿದೆ. ಸದ್ದಿಲ್ಲದೆ ಓಡಿದರೆ ಸರಿ. ಕಾಫಿ ಒಣಗಿಸುವ ಈ ಕಣ ಇನ್ನೊಂದು ತಿಂಗಳು ಖಾಲಿ. ಅಲ್ಲಿಯವರೆಗೆ ಇದು ಎಸ್ಟೇಟಿನ ಮಹಿಳಾ ರೋಲರ್ ಹಾಕಿ ತಂಡದ ಮೈದಾನ.

ಗಾಲಿ ಬೂಟು ತೊಟ್ಟು, ಬಾಗಿದ ಕೋಲಿನಿಂದ ಚೆಂಡು ಹೊಡೆಯುವ ಆಟ. ಹತ್ತು ಆಟಗಾರ್ತಿಯರಿಗೂ ಆಟಕ್ಕೆಂದೇ ಸಂಬಳ. ಒಬ್ಬೊಬ್ಬರಿಗೆ ಎಂಟು ಚಕ್ರ, ಚಕ್ರಕ್ಕೆ ಎರಡು ಬೇರಿಂಗ್. ವಾರಕ್ಕೊಮ್ಮೆ ನೂರರವತ್ತು ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು ಕೂರಿಸುವವರು ಐವತ್ತೆರಡರ ಅಣ್ಣಮ್ಮ. ಕಣ ಗುಡಿಸಲು ಬಂದವರು, ನೋಡಿ ನೋಡಿ ಕಲಿತರು.

"ಆಟ ನಂಗೆ ಈಗ್ಲೂ ಅರ್ಥ ಆಗಲ್ಲ. ನೀಲಿ ಕಾರ್ಡ್ ಸಿಕ್ತು ಅಂತ ನಮ್ಮ ಕ್ಯಾಪ್ಟನ್ ಅರ್ಚನಾ ಅಂದ್ಲು. ಬಹುಮಾನ ಅಂದ್ಕಂಡು ಪಾಯಸ ಮಾಡ್ದೆ. ತಪ್ಪು ಮಾಡಿದ್ದಕ್ಕೆ ಹೊರಗೆ ಕೂರ್ಸಿದ್ರಂತೆ ಅವಳನ್ನ!" ಎಂದು ಅಣ್ಣಮ್ಮ ನಗುತ್ತಾರೆ.

ತಂಡದ ಟೂರ್ನಿ ಚರಿತ್ರೆ ಐದು ವರ್ಷದ್ದು. ಮೊದಲೆರಡು ವರ್ಷ ಮೊದಲ ದಿನವೇ ಗಂಟುಮೂಟೆ. ಮೂರನೆಯ ವರ್ಷ ಕ್ವಾರ್ಟರ್ ಫೈನಲ್, ಆಮೇಲೆ ಸೆಮಿಫೈನಲ್. ಹೋದ ವರ್ಷ ಉತ್ತರದ ಚಳಿಯೂರೊಂದರಲ್ಲಿ ಫೈನಲ್. ಅದರಲ್ಲಿ ಸೊನ್ನೆ–ಮೂರರ ಸೋಲು. ಮೂರೂ ಗೋಲು ಮೊದಲ ಹತ್ತು ನಿಮಿಷದಲ್ಲಿ.

ಆ ಹತ್ತು ನಿಮಿಷ ಅಣ್ಣಮ್ಮನನ್ನು ಇನ್ನೂ ಬಿಟ್ಟಿಲ್ಲ. ತಂಡ ಹೊರಡುವ ಹಿಂದಿನ ಸಂಜೆ ಮೆಷಿನ್ ಎಣ್ಣೆ ಮುಗಿದಿತ್ತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಬಿಟ್ಟರು. ಹಿಂದೆಯೂ ಎರಡು ಸಲ ಬಿಟ್ಟಿದ್ದರು. ಇಲ್ಲಿ ಬೆಳಿಗ್ಗೆ ಬೂಟುಗಳನ್ನು ಬಚ್ಚಲೊಲೆಯ ಪಕ್ಕ ಇಡುತ್ತಿದ್ದರಿಂದ ಎಣ್ಣೆ ಹೆಪ್ಪುಗಟ್ಟುವುದು ಯಾರಿಗೂ ಗೊತ್ತಾಗಿರಲಿಲ್ಲ. ಅಲ್ಲಿ ಒಲೆ ಎಲ್ಲಿಂದ ಬರಬೇಕು? ಓಡಿ ಓಡಿ ಬಿಸಿಯಾಗುವವರೆಗೆ ಚಕ್ರಗಳು ಬಿಗಿದುಕೊಂಡಿದ್ದವೋ ಏನೋ.

ಆದರೆ ಸೋತಿದ್ದು ಎಣ್ಣೆಯಿಂದಲೇ? ನಾಯಕಿ ಅರ್ಚನಾ, "ನಾನೇ ಜಾಗ ಬಿಟ್ಟು ಓಡಿದ್ದೆ" ಎನ್ನುತ್ತಾರೆ. ಗೋಲ್‌ಕೀಪರ್ ರಶ್ಮಿ, "ಚೆಂಡು ನಂಗೆ ಕಾಣ್ಲೇ ಇಲ್ಲ" ಎನ್ನುತ್ತಾರೆ. ಕೋಚ್ ನಾಗೇಶ ಮಾತ್ರ ಎಣ್ಣೆ ಅನ್ನುತ್ತಾರೆ. "ಒಬ್ಬೊಬ್ರು ಒಂದೊಂದು ಹೇಳ್ತಾರೆ ಮಾರಾಯ್ತಿ. ಸಮಾಧಾನಕ್ಕೆ ಹೇಳ್ತಾರೋ, ನಿಜಾನೋ, ತಲೇನೇ ಓಡಲ್ಲ" ಎನ್ನುತ್ತಾರೆ ಅಣ್ಣಮ್ಮ.

ಈ ವರ್ಷದ ಟೂರ್ನಿಗೆ ಹತ್ತು ದಿನ ಉಳಿದಿದೆ. ಬೂಟುಗಳನ್ನೆಲ್ಲ ಚಿಕ್ಕಮಗಳೂರಿನ ಅಂಗಡಿಯೊಂದಕ್ಕೆ ಕೊಡುವುದೆಂದು ನಾಗೇಶ ನಿರ್ಧರಿಸಿದ್ದಾರೆ. ಎರಡು ಜೊತೆ ಆಗಲೇ ಅಲ್ಲಿ ತಯಾರಾಗಿ ಬಂದಿವೆ. ಉಳಿದವೂ ಇಂದು ಹೋದರೆ ಅಣ್ಣಮ್ಮನ ಕೈಯಲ್ಲಿ ಉಳಿಯುವುದು ಪೊರಕೆ ಮಾತ್ರ.

ಏಳಕ್ಕೆ ನಾಗೇಶರ ಜೀಪು ಬರುತ್ತದೆ. ಜೊತೆಗೆ ಅರ್ಚನಾ.

"ಏನಕ್ಕ, ಈ ಸಲ ಎಂತ ಎಣ್ಣೆ? ತುಪ್ಪನಾ?" ನಾಗೇಶ ಕೆಣಕುತ್ತಾರೆ.

"ತುಪ್ಪ ನಿಮ್ಮ ದೋಸೆಗಿರ್ಲಿ ಸಾರ್. ಇದಕ್ಕೆ ನೀವೇ ತಂದ್ಕೊಟ್ಟ ಎಣ್ಣೆ ಬಿಟ್ಟಿದ್ದೀನಿ."

ಎಂಟು ಜೊತೆ ತುಂಬಿದ ಚೀಲ ಜೀಪಿಗೆ ಏರುತ್ತದೆ. ಅರ್ಚನಾ ಅದರಿಂದ ತಮ್ಮ ಬೂಟನ್ನು ಹೊರಗೆಳೆದು, ಅಂಗಡಿಯಿಂದ ಬಂದ ಬೂಟಿನ ಪಕ್ಕ ಮಗುಚಿಡುತ್ತಾರೆ. "ಸಾರ್, ಎಣಿಸಿ" ಎಂದು ಎರಡರ ಚಕ್ರಗಳನ್ನೂ ಒಟ್ಟಿಗೆ ತಿರುಗಿಸುತ್ತಾರೆ. ಅಂಗಡಿಯದು ಹದಿನಾಲ್ಕಕ್ಕೆ ನಿಲ್ಲುತ್ತದೆ. ಅಣ್ಣಮ್ಮನದು ನಲವತ್ತು ದಾಟಿದರೂ ಓಡುತ್ತಲೇ ಇದೆ. ನಾಗೇಶ ತಲೆ ಕೆರೆದುಕೊಳ್ಳುತ್ತಾರೆ.

"ಹಾಗಾದ್ರೆ ಅವತ್ತು ಆಗಿದ್ದು ಎಂತ?"

"ಅದೇ ನಂಗೂ ಗೊತ್ತಿಲ್ಲ ಸಾರ್. ವರ್ಷದಿಂದ ಕೇಳ್ಕತಾ ಇದ್ದೀನಿ."

ನಾಗೇಶ ಚೀಲ ಕೆಳಗಿಳಿಸುತ್ತಾರೆ. ಅಂಗಡಿಯ ಎರಡು ಜೊತೆಯನ್ನೂ ಅದರ ಮೇಲಿಡುತ್ತಾರೆ. "ಇವನ್ನೂ ಬಿಚ್ಚಿ ಸರಿ ಮಾಡಕ್ಕ. ಸಂಜೆ ಪ್ರಾಕ್ಟೀಸಿದೆ."

ಜೀಪು ಹೋದ ಮೇಲೆ ಅಣ್ಣಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. ಐದು ವರ್ಷದಲ್ಲಿ ಅವರು ಒಂದು ಪಂದ್ಯವನ್ನೂ ನೋಡಿಲ್ಲ. "ಒಂದ್ಸಲ ಕರ್ಕೊಂಡು ಹೋದ್ರೆ ಸಾಕು. ಯಾರು ಗೆದ್ರು ಅಂತ ನಂಗೆ ತಿಳಿಯಲ್ಲ, ಬಿಡಿ. ಅಷ್ಟು ಜನರ ಗಲಾಟೇಲಿ ನಮ್ಮ ಚಕ್ರ ಯಾವ್ದು ಅಂತ ಕಣ್ಮುಚ್ಚಿ ಹೇಳ್ತೀನಿ."